ಪಿಯಾನೋಟೆಕ್, ಗ್ಯಾರಿಟನ್, ಸಲಾಮಾಂಡರ್: ಯಾರಿಗೆ ಯಾವುದು?

ಕೀಬೋರ್ಡ್ ಜೋಡಿಸಿ ಕಂಪ್ಯೂಟರ್‌ನಲ್ಲಿ ಪಿಯಾನೋ ನುಡಿಸಲು ಈ ಮೂರೂ ನೆರವಾಗುತ್ತವೆ. ಮೊದಲು ಕಂಪ್ಯೂಟರ್‌ನ ಡಿಸ್ಕ್‌ನಲ್ಲಿ ಎಷ್ಟು ಜಾಗ ಇದೆ ನೋಡಿಕೊಳ್ಳಿ. ಯಮಹಾದ ಸಿಎಫ್‌ಎಕ್ಸ್ ಪಿಯಾನೋದ ಸ್ವರಗಳನ್ನು ರೆಕಾರ್ಡ್ ಮಾಡಿ ತಯಾರಿಸಿದ ಗ್ಯಾರಿಟನ್ ಸಿಎಫ್‌ಎಕ್ಸ್‌ನ ಪೂರ್ತಿ ಆವೃತ್ತಿ 100 ಜಿಬಿಗೂ ಜಾಸ್ತಿ ತಿನ್ನುತ್ತದೆ. ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಇಲ್ಲದಿದ್ದರೆ ಅದರ ತಂಟೆಗೆ ಹೋಗಬೇಡಿ. ಪಿಯಾನೋಟೆಕ್ ತುಂಬಾ ಚಿಕ್ಕದು, ಯಾಕೆಂದರೆ ಅದರಲ್ಲಿ ರೆಕಾರ್ಡ್ ಮಾಡಿದ ಸ್ವರಗಳೇ ಇಲ್ಲ. ತಂತಿ, ಸುತ್ತಿಗೆಗಳ ವರ್ತನೆಯನ್ನು ಅಲ್ಲೇ ಲೆಕ್ಕ ಹಾಕಿ ನಾದ ಹುಟ್ಟಿಸುತ್ತದೆ. ಭಾರವೆಲ್ಲ ಪ್ರೊಸೆಸರ್ ಮೇಲೆ.

ನನಗೆ ಎಲ್ಲಕ್ಕಿಂತ ಮುಖ್ಯ ಬೆರಳಿನ ಸ್ಪರ್ಶ. ಒಂದೇ ಕೀಲಿಯನ್ನು ಮೆಲ್ಲಗಿಂದ ಜೋರಾಗಿ ಒತ್ತುತ್ತಾ ಹೋಗಿ. ಪಿಯಾನೋಟೆಕ್‌ನಲ್ಲಿ ನಾದ ಎಲ್ಲೂ ಜಿಗಿಯದೆ ಏರುತ್ತದೆ. ಅರ್ಧ ಪೆಡಲ್ ಒತ್ತಿದರೂ ತಕ್ಷಣ ಸ್ಪಂದಿಸುತ್ತದೆ. ದಿನವೂ ಅಭ್ಯಾಸ ಮಾಡುವವರಿಗೆ ಇದೇ ಒಳ್ಳೆಯದು. ಆದರೆ ಒಂಟಿ ಪಿಯಾನೋ ರೆಕಾರ್ಡಿಂಗ್‌ಗೆ ನಾನು ಗ್ಯಾರಿಟನ್ ಕಡೆಗೇ ವಾಲುತ್ತೇನೆ. ಲಂಡನ್‌ನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ರೆಕಾರ್ಡ್ ಆದ ಅದರ ನಾದದಲ್ಲಿ ಆ ಕೋಣೆಯ ಗಾಳಿಯೂ ಕೇಳಿಸುತ್ತದೆ.

ದುಡ್ಡು ಹಾಕಲು ಮನಸ್ಸಿಲ್ವಾ? ಸಲಾಮಾಂಡರ್ ಉಚಿತ. ಯಮಹಾ ಸಿ5 ಪಿಯಾನೋವನ್ನು ಮೆಲ್ಲಗಿಂದ ಜೋರಿನವರೆಗೆ 16 ಒತ್ತುಮಟ್ಟಗಳಲ್ಲಿ ರೆಕಾರ್ಡ್ ಮಾಡಿದ್ದಾರೆ. ನುಡಿಸಲು ಸ್ಫೋರ್ಜಾಂಡೋದಂಥ ಸ್ಯಾಂಪ್ಲರ್, ಅಂದರೆ ರೆಕಾರ್ಡ್ ಮಾಡಿದ ಸ್ವರಗಳನ್ನು ನುಡಿಸುವ ಸಾಫ್ಟ್‌ವೇರ್ ಬೇಕು. ಸ್ಫೋರ್ಜಾಂಡೋ ಕೂಡ ಉಚಿತ. ಡ್ರಮ್ಸ್, ಬೇಸ್ ಜೊತೆ ಬೆರೆಸುವುದಾದರೆ ಇಷ್ಟೇ ಸಾಕು. ಪಿಯಾನೋಟೆಕ್ ಕೊಳ್ಳುವ ಮುಂಚೆ ಅದರ ಟ್ರಯಲ್ ಆವೃತ್ತಿಯನ್ನು ನಿಮ್ಮದೇ ಕೀಬೋರ್ಡ್‌ನಲ್ಲಿ ನುಡಿಸಿ ನೋಡಿ. ಅದರಲ್ಲಿ ಕೆಲವು ಕೀಲಿಗಳು ಮೂಕವಾಗಿರುತ್ತವೆ, ಒಮ್ಮೆಗೆ 20 ನಿಮಿಷ ಮಾತ್ರ ನುಡಿಸಬಹುದು.