ಎಂಟಿ ಟೈರಾ, ಎಟಿ ಟೈರಿನ ಜೊತೆ ಚೈನಾ? ಮಲೆನಾಡಿನ ಮಳೆಗಾಲಕ್ಕೆ ನನ್ನ ಓಟು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಟಿ ಟೈರಿಗೆ, ಅಂದರೆ ಟಾರು, ಮಣ್ಣು ಎರಡಕ್ಕೂ ಆಗುವ ಆಲ್ ಟೆರೇನ್ ಟೈರಿಗೆ. ಜೊತೆಗೆ ಗಾಡಿಯ ಹಿಂದೆ ಗೋಣಿಚೀಲದಲ್ಲಿ ಕೆಸರಿಗೆ ಇಳಿಯುವಾಗ ಚಕ್ರಕ್ಕೆ ಸುತ್ತಿ ಕಟ್ಟುವ ಒಂದು ಜೊತೆ ಕಬ್ಬಿಣದ ಚೈನು. ದಪ್ಪ ಬಟನ್ನಿನ, ಅಂದರೆ ಮೈಮೇಲೆ ದಪ್ಪ ರಬ್ಬರ್ ಗಟ್ಟಿಗಳಿರುವ, ಕೆಸರಿಗೆಂದೇ ಮಾಡಿದ ಎಂಟಿ (ಮಡ್ ಟೆರೇನ್) ಟೈರು ನೋಡೋಕೆ ಗತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಓಡಾಟಕ್ಕೆ ಅದು ಆಗಿಬರಲಿಲ್ಲ.

ಓಡಾಟ ಎಂಥದ್ದು ಅಂತ ಹೇಳದೆ ಟೈರಿನ ಬಗ್ಗೆ ಮಾತಾಡಿ ಪ್ರಯೋಜನ ಇಲ್ಲ. ಮನೆ, ಕೆಲಸ ಹಾಸನದಲ್ಲಿ. ತೋಟ ಸಕಲೇಶಪುರ ದಾಟಿ ಹಾನುಬಾಳಿನ ಕಡೆ. ಅಂದರೆ ಹತ್ತಿರ ಹತ್ತಿರ ಅರವತ್ತು ಕಿಲೋಮೀಟರ್ ಟಾರು, ಕೊನೆಗೆ ಎರಡು ಮೂರು ಕಿಲೋಮೀಟರ್ ಮಣ್ಣು. ಆ ಮಣ್ಣು ಡಿಸೆಂಬರಿನಲ್ಲಿ ಕಾಫಿ ಹಣ್ಣು ಕುಯ್ಯುವಾಗ ಬರೀ ಧೂಳು. ಜುಲೈನಲ್ಲಿ ಅದೇ ದಾರಿಯಲ್ಲಿ ನಡೆದು ಹೋದರೂ ಚಪ್ಪಲಿ ಕೆಸರಲ್ಲೇ ಉಳಿಯುತ್ತದೆ. ಮಧ್ಯೆ ಗದ್ದೆ ಪಕ್ಕ ಒಂದು ಹುದುಲು, ಅದು ದಾಟಿದ ಮೇಲೆ ಒಂದು ಏರು, ಏರಿನ ಅರ್ಧದಲ್ಲಿ ತಿರುವು.

ಗಾಡಿ ಹೊಸ ಮಾದರಿಯ ಮಹೀಂದ್ರಾ ಥಾರ್, ಸೆಕೆಂಡ್ ಹ್ಯಾಂಡ್. ಕಂಪನಿಯ ಟೈರ್ ಸೈಜ್ 255/65 ಆರ್18, ಅಂದರೆ ಅಗಲ 255 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇಕಡ 65, ರಿಮ್ಮು 18 ಇಂಚು. ನಾನು ತಗೊಳ್ಳುವಾಗ ಅದರಲ್ಲಿ ಇದ್ದದ್ದು 255/70ರ ಎಂಟಿ, ಹಿಂದಿನ ಮಾಲೀಕರು ಹಾಕಿಸಿದ್ದು. ಬಟನ್ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಹಾಗಾಗಿ ಎಂಟಿಯನ್ನು ಒಂದು ಪೂರ್ತಿ ಮಳೆಗಾಲ ಓಡಿಸಿ ನೋಡುವ ಅವಕಾಶ ಪುಕ್ಕಟೆಯಾಗಿ ಸಿಕ್ಕಿತು. ಅದಕ್ಕೂ ಮುಂಚಿನ ಗಾಡಿಯಲ್ಲಿ ಕಂಪನಿಯ ಎಚ್‌ಟಿ, ಅಂದರೆ ಟಾರು ರಸ್ತೆಯ ಟೈರು ಇತ್ತು. ಅದರ ಬಗ್ಗೆ ಒಂದೇ ಸಾಲು: ಮೇ ತಿಂಗಳವರೆಗೆ ಅದಕ್ಕಿಂತ ಆರಾಮದ ಟೈರಿಲ್ಲ, ಜೂನ್ ಆದಮೇಲೆ ಗ್ರಿಪ್ಪಿನ ಸಂದಿಯಲ್ಲೆಲ್ಲ ಕೆಮ್ಮಣ್ಣು ತುಂಬಿಕೊಂಡು ಬೋಳು ಟೈರಾಗುತ್ತದೆ.

ಎಂಟಿಯ ಒಳ್ಳೆಯ ಗುಣ ಮುಚ್ಚಿಡುವುದಿಲ್ಲ. ಆ ಹುದುಲಿನಲ್ಲಿ ಅದು ನನ್ನನ್ನು ಒಮ್ಮೆಯೂ ನಿಲ್ಲಿಸಲಿಲ್ಲ. ಬಟನ್ನುಗಳ ನಡುವೆ ಜಾಗ ಜಾಸ್ತಿ, ಚಕ್ರ ಜೋರಾಗಿ ತಿರುಗಿದಾಗ ಮೆತ್ತಿಕೊಂಡ ಮಣ್ಣು ತಾನೇ ಎಸೆದು ಹೋಗುತ್ತದೆ. ಟೈರಿನ ಪಕ್ಕೆಯ (ಸೈಡ್‌ವಾಲ್) ಮೇಲೂ ಬಟನ್ ಇರುವುದರಿಂದ ಗಾಲಿ ಜಾಡಿನಲ್ಲಿ ಇಳಿದರೆ ಪಕ್ಕದ ದರೆ ಕಚ್ಚಿ ಮೇಲೆ ಬರುತ್ತದೆ. ಕಡಿದ ಕಾಫಿ ಬುಡ, ಲಂಟಾನದ ಮೊಂಡು, ಚೂಪು ಕಲ್ಲು ಯಾವುದಕ್ಕೂ ಹೆದರಬೇಕಿಲ್ಲ.

ತಲೆಕೆಡಿಸಿದ್ದು ಟಾರಿಗೆ ಬಂದ ಮೇಲಿನ ನಡುಕ. ತೋಟದಿಂದ ವಾಪಸ್ ಬಂದು ಸಕಲೇಶಪುರ ದಾಟಿ ಹೈವೇಗೆ ಹತ್ತಿ ಎಪ್ಪತ್ತು ಮುಟ್ಟಿದರೆ ಸಾಕು, ಸ್ಟೀರಿಂಗ್ ಗಡಗಡ. ಎಂಬತ್ತಕ್ಕೆ ಡ್ಯಾಶ್‌ಬೋರ್ಡ್ ಮೇಲಿಟ್ಟ ಕನ್ನಡಕ ಕುಣಿಯುತ್ತದೆ. ಅರವತ್ತಕ್ಕೆ ಇಳಿಸಿದರೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತದೆ. ಬಾಲ್ ಜಾಯಿಂಟ್ ಹೋಯ್ತಾ, ಬೇರಿಂಗ್ ಹೋಯ್ತಾ ಅಂತ ಎಲ್ಲ ಅಲ್ಲಾಡಿಸಿ ನೋಡಿದ್ದಾಯಿತು. ಎಲ್ಲ ಸರಿಯಾಗೇ ಇತ್ತು.

ಕಾರಣ ರಿಮ್ಮಿನ ಒಳಗೆ ಕೂತ ಮಣ್ಣು. ಅಲಾಯ್ ಚಕ್ರದ ಒಳಬದಿಯಲ್ಲಿ ಒಂದು ಅಗಲವಾದ ತೊಟ್ಟಿಯ ಹಾಗಿರುತ್ತದಲ್ಲ, ಎಂಟಿ ಎಸೆದ ರಾಡಿ ಎಲ್ಲ ಅಲ್ಲಿ ಹೋಗಿ ಸೇರುತ್ತದೆ. ಹಸಿ ಇರುವಾಗ ಸುತ್ತಲೂ ಹರಡಿಕೊಂಡಿರುತ್ತದೆ. ಗಾಡಿ ರಾತ್ರಿ ನಿಂತರೆ ಅಷ್ಟೂ ಕೆಳಕ್ಕಿಳಿದು ಒಂದೇ ಕಡೆ ಕೂತು ಒಣಗುತ್ತದೆ. ಬೆಳಿಗ್ಗೆ ನೋಡಿದರೆ ಅಂಗೈ ಅಗಲದ ಹೆಂಟೆ. ಚಕ್ರ ಬ್ಯಾಲೆನ್ಸ್ ಮಾಡುವವರು ಅಂಟಿಸುವ ಸೀಸ ಐದು ಗ್ರಾಂ, ಹತ್ತು ಗ್ರಾಂ ಲೆಕ್ಕದ್ದು. ಇಲ್ಲಿ ಕೂತಿರುವುದು ಮುಷ್ಟಿ ಮಣ್ಣು. ಗಾಡಿ ನಡುಗದೆ ಇನ್ನೇನು?

ಎಟಿಗೂ ಮಣ್ಣು ಕೂರುತ್ತದೆ, ಇಲ್ಲ ಅನ್ನುತ್ತಿಲ್ಲ. ಆದರೆ ಎಂಟಿಯಷ್ಟು ಅಗೆಯುವುದಿಲ್ಲ, ಅಷ್ಟು ಎಸೆಯುವುದಿಲ್ಲ. ಎಂಟಿಯ ಕಾಲದಲ್ಲಿ ಪ್ರತಿ ಸಲ ವಾಪಸ್ ಬರುವಾಗಲೂ ಇದೇ ಗೋಳು. ನೀರಿನ ಪೈಪು ಹಿಡಿದು ಹೊರಗಿನಿಂದ ತೊಳೆದರೆ ಹೋಗುವುದಿಲ್ಲ. ಗಾಡಿಯ ಕೆಳಗೆ ಅಡ್ಡ ಮಲಗಿ, ಒಂದು ಕೋಲಿನಲ್ಲಿ ಕೆರೆದು, ಗಾಡಿ ಅರ್ಧ ಸುತ್ತು ಮುಂದಕ್ಕೆ ಸರಿಸಿ, ಮತ್ತೆ ಮಲಗಿ ಕೆರೆಯಬೇಕು. ಬ್ರೇಕಿನ ಪೈಪಿಗೆ ಕೋಲು ತಾಗದ ಹಾಗೆ ಬೇರೆ ನೋಡಿಕೊಳ್ಳಬೇಕು. ಭಾನುವಾರ ಸಂಜೆ ಜಿಟಿಜಿಟಿ ಮಳೆಯಲ್ಲಿ ಇದನ್ನು ಮಾಡಿ ನೋಡಿ, ಎಂಟಿಯ ಮೋಹ ಅಲ್ಲೇ ಇಳಿಯುತ್ತದೆ.

ಇದರಲ್ಲೂ ಒಂದು ತಮಾಷೆ ಇದೆ. ನಡುಕ ಅಂತ ಒಂದು ಅಲೈನ್‌ಮೆಂಟ್ ಅಂಗಡಿಗೆ ಹೋದಾಗ ಅಲ್ಲಿಯ ಹುಡುಗ ಚಕ್ರ ಬಿಚ್ಚಿ, ಒಳಗಿನ ಮಣ್ಣು ತೆಗೆಯದೆ, ಹಾಗೇ ಮೆಷಿನ್ನಿಗೆ ಏರಿಸಿದ. ಮಣ್ಣಿಗೆ ಎದುರು ಬದಿಯಲ್ಲಿ ಸೀಸದ ಪಟ್ಟಿ ಸಾಲಾಗಿ ಅಂಟಿಸಿದ. ಮೆಷಿನ್ ಸೊನ್ನೆ ತೋರಿಸಿತು, ಗಾಡಿ ನಯವಾಗಿ ಓಡಿತು. ಎರಡು ದಿನ ಬಿಟ್ಟು ಒಣಮಣ್ಣು ಉದುರಿತು ನೋಡಿ, ಈಗ ಸೀಸದ್ದೇ ನಡುಕ! ಅಂಗಡಿಗೆ ಹೋಗುವ ಮುಂಚೆ ಒಳಬದಿ ತೊಳೆಸಿಕೊಂಡೇ ಹೋಗಿ. ಚಕ್ರ ಬಿಚ್ಚಿದ ಮೇಲೆ ಹತ್ತಿರ ನಿಂತು ನೋಡಿ.

ಇನ್ನು ದಾರಿಯ ವಿಷಯ. ಎಂಟಿ ತನ್ನನ್ನು ತಾನು ತೊಳೆದುಕೊಳ್ಳಬೇಕಾದರೆ ಚಕ್ರ ಜೋರಾಗಿ ತಿರುಗಬೇಕು. ಲೋ ರೇಂಜಿನಲ್ಲಿ, ಅಂದರೆ ಫೋರ್ ವೀಲಿನ ನಿಧಾನದ ಗೇರಿನಲ್ಲಿ, ಮೆಲ್ಲಗೆ ತೆವಳುವಾಗ ಅದರಲ್ಲೂ ಮಣ್ಣು ತುಂಬಿಕೊಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದರೆ ಗಾಡಿ ಹತ್ತುತ್ತದೆ, ದಾರಿ ಕಿತ್ತುಹೋಗುತ್ತದೆ. ಆಫ್‌ರೋಡ್ ಟ್ರ್ಯಾಕಿಗೆ ಬೆಂಗಳೂರಿಂದ ಬಂದು ಹೋಗುವ ಹುಡುಗರಿಗೆ ಅದು ತೊಂದರೆಯಲ್ಲ. ನಮ್ಮದು ನಾಲ್ಕು ಮನೆಯವರು ಓಡಾಡುವ ದಾರಿ. ಗಾಲಿ ಅಗೆದ ಜಾಡಿನಲ್ಲಿ ಮಳೆನೀರು ಹರಿದು ಒಂದೇ ವಾರಕ್ಕೆ ಮೊಳ ಆಳ. ಬೈಕಿನಲ್ಲಿ ಡೇರಿಗೆ ಹಾಲು ಹಾಕಲು ಹೋಗುವ ಪಕ್ಕದ ಮನೆಯ ಹುಡುಗ ಮುಖಕ್ಕೇ ಹೇಳಿದ: "ನಿಮ್ ಗಾಡಿ ಹೋದ್ಮೇಲೆ ಅದು ದಾರಿಯಲ್ಲ, ಚರಂಡಿ ಕಣಣ್ಣ." ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಸದ್ದು: ಎಂಬತ್ತರ ಮೇಲೆ ಒಂದೇ ಸಮನೆ ಗುಂಯ್ ಅನ್ನುತ್ತದೆ. ಹಾಡು ಕೇಳೋರು ಮರೆತುಬಿಡಿ.

ಡೀಸೆಲ್: ಜಾಸ್ತಿ ಕುಡಿಯುತ್ತದೆ.

ಒದ್ದೆ ಟಾರು: ಎಂಟಿಯ ದಪ್ಪ ಬಟನ್ನಿನಲ್ಲಿ ಸಣ್ಣ ಸೀಳುಗಳು ಕಮ್ಮಿ, ನೆಲಕ್ಕೆ ಕೂರುವ ರಬ್ಬರೂ ಕಮ್ಮಿ. ಮಳೆಯಲ್ಲಿ ಬ್ರೇಕ್ ಒತ್ತಿದರೆ ನಾನು ಅಂದುಕೊಂಡದ್ದಕ್ಕಿಂತ ಮುಂದೆ ಹೋಗಿ ನಿಲ್ಲುತ್ತಿತ್ತು. ಶಿರಾಡಿ, ಚಾರ್ಮಾಡಿ ಇಳಿಯುವವರಿಗೆ ಇದೊಂದೇ ಕಾರಣ ಸಾಕು.

ಸೈಜಿನದು ಸ್ವಲ್ಪ ಬಿಡಿಸಿ ಹೇಳಬೇಕು. 65ರ ಬದಲು 70 ಹಾಕಿದರೆ ಟೈರಿನ ಎತ್ತರ ಸುಮಾರು 789 ಮಿಲಿಮೀಟರಿನಿಂದ 814ಕ್ಕೆ ಏರುತ್ತದೆ, ಅಂದರೆ ಶೇಕಡ 3ರಷ್ಟು ಜಾಸ್ತಿ. ನೆಲದಿಂದ ಗಾಡಿಗೆ ಸಿಗುವುದು ಅದರ ಅರ್ಧ, ಒಂದು ಇಂಚೂ ಇಲ್ಲ. ಬದಲಿಗೆ ಹೋಗಿದ್ದು ಏನು? ಮೀಟರಿನ ಲೆಕ್ಕ ತಪ್ಪಿತು. ಏರಿನ ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಬಟನ್ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜತೊಡಗಿತು. ಎಲ್ಲಕ್ಕಿಂತ ಹೆಚ್ಚಾಗಿ, ಸ್ಟೆಪ್ನಿ ಬೇರೆ ಸೈಜು. ಈ ಗಾಡಿಯಲ್ಲಿ ಫೋರ್ ವೀಲ್ ಹಾಕಿದಾಗ ಹಿಂದಿನ ಮುಂದಿನ ಶಾಫ್ಟು ಒಂದೇ ವೇಗದಲ್ಲಿ ತಿರುಗುತ್ತವೆ. ಒಂದು ಚಕ್ರ ಗಿಡ್ಡ ಇದ್ದರೆ ಕೆಸರಿನಲ್ಲಿ ಜಾರಿ ಸರಿಹೋಗುತ್ತದೆ, ಗಟ್ಟಿ ನೆಲದಲ್ಲಿ ಆ ಜಗ್ಗಾಟವೆಲ್ಲ ಎರಡೂ ಶಾಫ್ಟಿಗೆ ಎಂಜಿನ್ನಿನ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ. ದೊಡ್ಡ ಟೈರು ಹಾಕಿಸುವವರು ಐದು ತಗೊಳ್ಳಬೇಕು. ಐದನೆಯದು ಹಿಂಬಾಗಿಲ ಮೇಲೆ ನೇತಾಡುತ್ತದೆ, ಅದರ ಭಾರವೂ ಬಾಗಿಲ ಕೀಲಿಗೇ.

ಕಾನೂನು ಬೇರೆ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿಯಿತು. ನಾಳೆ ಅಪಘಾತವಾಗಿ ಇನ್ಶೂರೆನ್ಸ್ ಸರ್ವೇಯರ್ ಎದುರು ವಾದ ಮಾಡುವ ಉಮೇದು ನನಗಿಲ್ಲ. ಎಟಿ ತಗೊಳ್ಳುವಾಗ ಕಂಪನಿಯ ಸೈಜೇ ತಗೊಂಡೆ. ಸ್ಟೆಪ್ನಿ ತಾನಾಗೇ ಸರಿಹೋಯಿತು.

ಎಟಿಯ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ಅದೇ ಅದರ ಹೆಚ್ಚುಗಾರಿಕೆ. ಟಾರಿನಲ್ಲಿ ಅದು ಇದೆ ಅನ್ನುವುದೇ ಮರೆತುಹೋಗುತ್ತದೆ. ಕೆಸರಿಗೆ ಇಳಿಯುವಾಗ ಗಾಳಿಯನ್ನು 32 ಪಿಎಸ್‌ಐನಿಂದ 20ಕ್ಕೆ ಇಳಿಸಿದರೆ ಟೈರು ಅಗಲವಾಗಿ ಕೂತು ಮುಕ್ಕಾಲು ಪಾಲು ಜಾಗ ದಾಟಿಸುತ್ತದೆ. ವಾಪಸ್ ತುಂಬಿಸಲು ಬ್ಯಾಟರಿಗೆ ನೇರ ಕ್ಲಿಪ್ ಹಾಕುವ ಕಂಪ್ರೆಸರ್ ಇಟ್ಟುಕೊಳ್ಳಿ, ಸಿಗರೇಟ್ ಸಾಕೆಟ್ಟಿನದು ಫ್ಯೂಸ್ ಸುಡುವುದುಂಟು. ಉಳಿದ ಕಾಲು ಪಾಲು, ಅಂದರೆ ಜುಲೈ ಆಗಸ್ಟಿನ ಆ ಹುದುಲು ಮತ್ತು ಏರು, ಅದು ಎಟಿಯ ಕೈಲಿ ಆಗುವುದಿಲ್ಲ. ಅಲ್ಲಿಗೆ ಚೈನು.

ಚೈನು ಹೊಸದೇನಲ್ಲ. ಫೋರ್ ವೀಲ್ ಇಲ್ಲದ ಜೀಪುಗಳಲ್ಲೇ ಮಲೆನಾಡಿನವರು ಹಿಂದಿನ ಚಕ್ರಕ್ಕೆ ಚೈನು ಕಟ್ಟಿ ಮಳೆಗಾಲ ಕಳೆದಿದ್ದಾರೆ. ನನ್ನ ಸೈಜಿಗೆ ಸಿದ್ಧ ಚೈನು ಸಿಗದೆ ಅಳತೆ ಕೊಟ್ಟು ಮಾಡಿಸಿದೆ. ಹಾಕುವ ರೀತಿ ಸುಲಭ. ಚಕ್ರದ ಹಿಂದೆ ನೆಲದ ಮೇಲೆ ಬಿಡಿಸಿ ಹಾಸಿ, ಅದರ ಮೇಲೆ ಗಾಡಿ ಹಿಂದಕ್ಕೆ ತಂದು, ಮೊದಲು ಒಳಗಿನ ಕೊಕ್ಕೆ, ಆಮೇಲೆ ಹೊರಗಿನದು. ಸಡಿಲ ಕಂಡಲ್ಲಿ ಹಳೇ ಟ್ಯೂಬಿನ ಪಟ್ಟಿ ಎಳೆದು ಕಟ್ಟಬೇಕು. ಹತ್ತಾರು ಅಡಿ ಓಡಿಸಿ ಮತ್ತೆ ಬಿಗಿ ಮಾಡಬೇಕು. ಚೈನು ಹಾಕುವ ದಿನ ಟೈರಿನ ಗಾಳಿ ಇಳಿಸಬೇಡಿ, ಸಡಿಲವಾಗುತ್ತದೆ. ಸಡಿಲ ಚೈನು ಫೆಂಡರಿಗೆ ಬಡಿಯುತ್ತದೆ, ಬ್ರೇಕ್ ಪೈಪಿಗೂ ಬಡಿಯಬಹುದು. ಮುಂದಿನ ಚಕ್ರದಲ್ಲಿ ಒಳಗೆ ಜಾಗ ಕಮ್ಮಿ ಇರುವುದರಿಂದ ನಾನು ಹಿಂದಕ್ಕೆ ಮಾತ್ರ ಹಾಕುತ್ತೇನೆ.

ಕಷ್ಟ ಇಲ್ಲವಾ ಅಂದರೆ ಇದೆ. ಆ ಒಳಗಿನ ಕೊಕ್ಕೆಗೆ ಮಂಡಿಯೂರಿ ಕೈ ಹಾಕುವಷ್ಟರಲ್ಲಿ ಕಾಲಿಗೆ ಉಂಬಳ ಹತ್ತಿರುತ್ತವೆ. ಕೈಗೆ ಗ್ಲೌಸ್, ಕಾಲಿಗೆ ಗಂಬೂಟು, ಜೇಬಿನಲ್ಲಿ ಒಂದು ಪೊಟ್ಟಣ ಉಪ್ಪು ಬೇಕೇ ಬೇಕು. ಇಳಿಜಾರಿನಲ್ಲಿ ಚೈನಿಲ್ಲದ ಮುಂದಿನ ಚಕ್ರ ಜಾರಿ ಸ್ಟೀರಿಂಗ್ ಮಾತು ಕೇಳುವುದಿಲ್ಲ, ಹಾಗಾಗಿ ಫಸ್ಟ್ ಗೇರ್ ಲೋ ರೇಂಜಿನಲ್ಲಿ ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು. ಟಾರು ಬಂದ ಕೂಡಲೇ ಬಿಚ್ಚಲೇಬೇಕು, ಇಲ್ಲದಿದ್ದರೆ ಚೈನೂ ಹಾಳು, ರಸ್ತೆಯೂ ಹಾಳು. ಆದರೆ ಚೈನು ಕಟ್ಟಿದ ಎಟಿ ಆ ಏರನ್ನು ನಡಿಗೆಯ ವೇಗದಲ್ಲಿ, ಚಕ್ರ ಸುಮ್ಸುಮ್ನೆ ತಿರುಗಿಸದೆ ಹತ್ತುತ್ತದೆ. ಚೈನಿನ ಗುರುತು ಬೀಳುತ್ತದೆ, ಜಾಡು ಆಳವಾಗುವುದಿಲ್ಲ. ಹಾಲಿನ ಹುಡುಗನ ದೂರು ಈಗ ಇಲ್ಲ.

ದುಡ್ಡಿನ ಲೆಕ್ಕ ಹೀಗೆ. ನನಗೆ ಎಟಿ ಒಂದಕ್ಕೆ 15 ಸಾವಿರದ ಆಚೀಚೆ ಬಿತ್ತು. ಆ ಸೈಜಿನ ಹೊಸ ಎಂಟಿಗೆ ವಿಚಾರಿಸಿದಾಗ 20 ಸಾವಿರದ ಹತ್ತಿರ ಹೇಳಿದರು, ಅದೂ ಐದು ಬೇಕು. ಒಂದು ಜೊತೆ ಚೈನಿಗೆ ಒಂದು ಟೈರಿನ ದುಡ್ಡೂ ಆಗಲಿಲ್ಲ. ಟಾರಿನಲ್ಲಿ ಎಂಟಿ ಬೇಗ ಸವೆಯುತ್ತದೆ ಅನ್ನುವುದನ್ನೂ ಸೇರಿಸಿಕೊಂಡರೆ ನನ್ನಂಥವರಿಗೆ ಇದರಲ್ಲಿ ಯೋಚಿಸುವಂಥದ್ದು ಉಳಿಯುವುದಿಲ್ಲ.

ತೋಟದಲ್ಲೇ ಮನೆ ಇದ್ದು, ಗಾಡಿ ವಾರಕ್ಕೊಮ್ಮೆ ಪೇಟೆ ನೋಡುವವರಾದರೆ ಎಂಟಿ ಹಾಕಿಸಿ, ನಾನೂ ಹಾಕಿಸುತ್ತಿದ್ದೆ. ದಿನಾ ಕೆಸರಿಗೆ ದಿನಾ ಚೈನು ಕಟ್ಟಿ ಬಿಚ್ಚುವುದು ಆಗುವ ಕೆಲಸವಲ್ಲ. ಟ್ರ್ಯಾಕಿಗೆ ಹೋಗುವ ಶೋಕಿಯವರಿಗೂ ಎಂಟಿಯೇ ಸರಿ. ನನ್ನ ನಾಲ್ಕು ಎಂಟಿ ಹೋಗಿದ್ದೂ ಹಾಗೇ, ಮೂಡಿಗೆರೆ ಕಡೆಯ ಒಬ್ಬ ಪ್ಲಾಂಟರ್‌ಗೆ. ಬಂದ ದುಡ್ಡಿನಲ್ಲಿ ಚೈನು, ಕಂಪ್ರೆಸರ್ ಎರಡೂ ಬಂದವು.