ಹಸಿರು ಗುರುತಿನ ಔಷಧಿ, ಅತ್ತಿಗೆಯ ರೇಷ್ಮೆ ಹುಳು

ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ. ಇಷ್ಟುದ್ದದ ಹೆಸರು ಯಾರ ಬಾಯಲ್ಲೂ ಹೊರಳುವುದಿಲ್ಲ. ನಮ್ಮ ಚಿಂತಾಮಣಿ ಕಡೆ ಹಸಿರು ತ್ರಿಕೋನದ ಹುಳುವಿನ ಔಷಧಿ ಎಂದರೆ ಸಾಕು. ಡಬ್ಬಿಯ ಮೇಲಿನ ತ್ರಿಕೋನ ಹಸಿರಾದರೆ ವಿಷ ತೀರಾ ಕಡಿಮೆ, ಕೆಂಪಾದರೆ ತೀರಾ ಹೆಚ್ಚು ಎಂದರ್ಥ. ಟೊಮೆಟೊಗೆ ಮೂರು ಬೆಳೆ ಬಳಸಿದ್ದೇನೆ.

ಎಕರೆಗೆ 60 ಮಿಲಿ, 200 ಲೀಟರ್ ನೀರು. ಮೊದಲ ಸಲ ಹೊಡೆದು ಮರುದಿನ ನೋಡಿದರೆ ಕಾಯಿಕೊರಕ ಕಾಯಿಯ ಮೇಲೇ ಕೂತಿತ್ತು. ದುಡ್ಡು ನೀರಿಗೆ ಹೋಯಿತು ಎಂದುಕೊಂಡು ಕಡ್ಡಿಯಿಂದ ತಿವಿದೆ. ಹುಳು ಮುದುಡಿಕೊಂಡಿತ್ತು, ಅಲುಗಲಿಲ್ಲ. ಕೊರೆದ ತೂತಿನ ಅಂಚು ಒಣಗಿತ್ತು. ಸ್ನಾಯುವಿನೊಳಗೆ ಕೂಡಿಟ್ಟ ಕ್ಯಾಲ್ಸಿಯಂ ಸೋರಿಹೋಗುವಂತೆ ಮಾಡುವುದು ಇದರ ಕೆಲಸ. ಕೆಲವೇ ಗಂಟೆಗಳಲ್ಲಿ ಬಾಯಿ ಕಟ್ಟುತ್ತದೆ, ಪ್ರಾಣ ಹೋಗಲು ಎರಡು ಮೂರು ದಿನ. ಕೆಂಪು ತ್ರಿಕೋನದ ಮೊನೊಕ್ರೊಟೊಫಾಸ್ ಹೊಡೆದು ರೂಢಿಯಾದವರಿಗೆ ಇದು ಸಪ್ಪೆ. ಅದನ್ನು ತರಕಾರಿಗೆ 2005ರಲ್ಲೇ ನಿಷೇಧಿಸಿದರು; ಹೊಡೆದ ರಾತ್ರಿ ತಲೆ ಸಿಡಿಯುತ್ತಿದ್ದದ್ದು ನನಗಿನ್ನೂ ನೆನಪಿದೆ. ಇದರಲ್ಲಿ ಆ ಕಾಟವಿಲ್ಲ. ಮೂರು ದಿನ ಬಿಟ್ಟು ಹಣ್ಣು ಬಿಡಿಸಬಹುದು. 2022ರಲ್ಲಿ ಪೇಟೆಂಟ್ ಮುಗಿದ ಮೇಲೆ ಬೆಲೆಯೂ ಇಳಿದಿದೆ.

ಇನ್ನು ನನ್ನ ತಪ್ಪು. ಬದುವಿನ ಆಚೆ ಅತ್ತಿಗೆಯ ಹಿಪ್ಪುನೇರಳೆ ತೋಟ. ಹಸಿರು ತಾನೆ ಎಂದು ಗಾಳಿ ಯಾವ ಕಡೆಗಿದೆ ಎಂದೂ ನೋಡದೆ ಪವರ್ ಸ್ಪ್ರೇಯರ್ ಹಿಡಿದೆ. ಅವರ ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ಹಂತ, ಎದ್ದು ಭರದಿಂದ ಸೊಪ್ಪು ತಿನ್ನುತ್ತಿದ್ದ ದಿನಗಳು. ಎರಡು ದಿನಕ್ಕೆ ಸೊಪ್ಪು ಮುಟ್ಟುವುದನ್ನು ಬಿಟ್ಟವು, ಮೈ ಕುಗ್ಗಿ ಮುದುಡಿದವು. ಕಾಯಿಕೊರಕದಲ್ಲಿ ನೋಡಿ ನಾನು ಖುಷಿಪಟ್ಟಿದ್ದ ಅದೇ ಮುದುಡು. ರೇಷ್ಮೆ ಹುಳುವೂ ಪತಂಗದ ಮರಿಯೇ ಅಲ್ಲವೇ. ಇನ್ನೂರು ಮೊಟ್ಟೆಯ ಹುಳುವನ್ನು ಗುಂಡಿಗೆ ಹಾಕಿದೆವು; ಇಲ್ಲಿ ಒಂದು ಮೊಟ್ಟೆ ಎಂದರೆ ಒಂದು ಪತಂಗ ಇಟ್ಟ ನೂರಾರು ಮೊಟ್ಟೆಗಳ ಗುಂಪು. "ಡಬ್ಬಿ ಹಸಿರೇ ಇತ್ತಲ್ಲ, ನೀನೇನು ಮಾಡುತ್ತೀಯ ಬಿಡು" ಎಂದರು ಅತ್ತಿಗೆ. ಬೈದಿದ್ದರೆ ಹಗುರವಾಗುತ್ತಿತ್ತು.

ಆ ಬಣ್ಣ ಇಲಿಗಳ ಮೇಲೆ ಅಳೆದು ಕೊಟ್ಟದ್ದು, ಅಂದರೆ ಹೊಡೆಯುವವನ ಸಲುವಾಗಿ. ಜೇನಿಗೂ ಮೀನಿಗೂ ಅಪಾಯ ಕಡಿಮೆಯೇ. ಆದರೆ ಮೀನಿಗೆ ಆಹಾರವಾಗುವ ಪುಟ್ಟ ಜೀವಿ ನೀರುಚಿಗಟವನ್ನು ಕೆಡವಲು ಲೀಟರಿಗೆ ಮಿಲಿಗ್ರಾಂನ ನೂರನೇ ಒಂದು ಪಾಲು ಸಾಕು. ಮಣ್ಣಿನಲ್ಲಂತೂ ತಿಂಗಳುಗಟ್ಟಲೆ ಉಳಿಯುತ್ತದೆ. ಕೃಷಿ ಹೊಂಡದ ಬಳಿ ಟ್ಯಾಂಕ್ ತೊಳೆಯುವುದನ್ನು ಬಿಟ್ಟಿದ್ದೇನೆ. ಇದಕ್ಕೆ ಬದಲಿ ಎಂದು ಫ್ಲುಬೆಂಡಿಯಮೈಡ್ ಕೊಟ್ಟರೆ ತರಬೇಡಿ. ಅದೂ ಇದೇ ಗುಂಪಿನದು, ಹುಳು ಒಗ್ಗಿಕೊಳ್ಳುತ್ತದೆ.

ಟೊಮೆಟೊಗೆ ಈ ಔಷಧಿಗೆ ಐದಕ್ಕೆ ನಾಲ್ಕು ಅಂಕ. ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ ಸೊನ್ನೆ. ಅತ್ತಿಗೆ ಮೊನ್ನೆ ಹೊಸ ಚಾಕಿ ಹುಳು, ಅಂದರೆ ಎಳೆಯ ರೇಷ್ಮೆ ಹುಳು, ತಂದಿದ್ದಾರೆ. ಬದುವಿನ ಕಡೆಯ ಸಾಲುಗಳಿಗೆ ಕಾಯಿಕೊರಕಕ್ಕೆ ಮಾತ್ರ ತಗಲುವ ಎನ್‌ಪಿವಿ ನಂಜಾಣುವನ್ನು ಹೊಡೆಯುತ್ತಿದ್ದೇನೆ, ಬಿಸಿಲಿಗೆ ಕೆಡುತ್ತದೆಂದು ಸಂಜೆ ಹೊತ್ತು.