‘2 ಇಂಚು ಲಿಫ್ಟ್ ಕಿಟ್’ ಅಂದರೆ ಮೊದಲು ಸ್ಪೇಸರ್ ದಪ್ಪ ಅಳೆಯಿರಿ

ವಿ-ಕ್ರಾಸ್, ಹೈಲಕ್ಸ್ ತರಹದ ಪಿಕಪ್ ಇಟ್ಟುಕೊಂಡು ಕಡಿಮೆ ದುಡ್ಡಲ್ಲಿ ಗಾಡಿ ಎತ್ತರಿಸೋಣ ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. 26 ಸಾವಿರ ಕೊಟ್ಟು ಗಾಡಿ ಹಾಳು ಮಾಡಿಸಿಕೊಂಡಿದ್ದೇನೆ. ಇನ್ನೂ ಸಿಟ್ಟು ಇಳಿದಿಲ್ಲ.

ಬೆಂಗಳೂರಿನ ಒಂದು ಅಂಗಡಿ. ಗಾಡಿ ಇಸುಜು ವಿ-ಕ್ರಾಸ್. ಕೇಳಿದ್ದು ಮುಂದೆ ಹಿಂದೆ 2 ಇಂಚು. ಅವರು ಹೇಳಿದ್ದು, "ಫುಲ್ ಕಿಟ್ ಸರ್, ಅಲೈನ್‌ಮೆಂಟ್ ಸೇರಿ." ಫುಲ್ ಕಿಟ್ ಅಂದರೆ ಸ್ಪ್ರಿಂಗು, ಶಾಕ್ಸು ಬರಬೇಕು ತಾನೇ? ಹಾಕಿದ್ದು ಮುಂದೆ ಸ್ಟ್ರಟ್ (ಸ್ಪ್ರಿಂಗು, ಶಾಕ್ ಸೇರಿದ ಜೋಡಣೆ) ತಲೆಯ ಮೇಲೆ ಎರಡು ಅಲ್ಯೂಮಿನಿಯಂ ಸ್ಪೇಸರ್, ಅಂದರೆ ದಪ್ಪ ಬಿಲ್ಲೆ; ಹಿಂದೆ ಆಕ್ಸಲ್ಲಿಗೂ ಬ್ಲೇಡ್ ಸ್ಪ್ರಿಂಗಿಗೂ ನಡುವೆ ಎರಡು ಬ್ಲಾಕ್, ಅಂದರೆ ಗಟ್ಟಿ ತುಂಡು. ಅಷ್ಟೇ. ಆ ದುಡ್ಡಿಗೆ ಸ್ಪ್ರಿಂಗು, ಶಾಕ್ಸು ಬರಲ್ಲ ಅಂತ ಅವತ್ತೇ ಯೋಚಿಸಬೇಕಿತ್ತು.

ಮೊದಲ ದಿನವೇ ಗಾಡಿ ಮೂತಿ ಎತ್ತಿಕೊಂಡು ನಿಂತಿತ್ತು. ಹೈವೇಯಲ್ಲಿ 80 ದಾಟಿದರೆ ಸ್ಟೇರಿಂಗ್ ಅಲೆಯುತ್ತೆ, ತಿರುವಿನ ನಂತರ ತಾನಾಗಿ ವಾಪಸ್ ಬರಲ್ಲ. ಫೋನ್ ಮಾಡಿದರೆ, "ಹೊಸದಲ್ವಾ ಸರ್, 500 ಕಿ.ಮೀ. ಓಡ್ಸಿ, ಸೆಟ್ ಆಗುತ್ತೆ." ಅಲ್ಯೂಮಿನಿಯಂ ಬಿಲ್ಲೆ ಏನು ಸೆಟ್ ಆಗುತ್ತೆ? ಸ್ಪ್ರಿಂಗ್ ಕೂತುಕೊಳ್ಳಬಹುದು, ಸ್ಪೇಸರ್ ಯಾವತ್ತೂ ಕೂತುಕೊಳ್ಳಲ್ಲ. ಆದರೂ ನಂಬಿ ಓಡಿಸಿದೆ.

ಆಮೇಲೆ ಬೇರೆ ಗ್ಯಾರೇಜಿನಲ್ಲಿ ಗಾಡಿಯನ್ನು ಲಿಫ್ಟಿಗೆ ಏರಿಸಿ ಚಕ್ರ ಇಳಿಬಿಟ್ಟಾಗ ಎಲ್ಲಾ ಕಾಣಿಸಿತು. ಎಡಗಡೆ ಸಿವಿ ಬೂಟಿನ (ಮುಂದಿನ ಚಕ್ರ ತಿರುಗಿಸುವ ಶಾಫ್ಟಿನ ಕೀಲು, ಅಂದರೆ ಸಿವಿ ಜಾಯಿಂಟ್, ಮುಚ್ಚುವ ರಬ್ಬರ್ ಚೀಲ) ಮಡಿಕೆಗಳು ಒಂದು ಬದಿಯಲ್ಲಿ ಒತ್ತಿಕೊಂಡು, ಉಜ್ಜಿ ಉಜ್ಜಿ ಹರಿದಿದ್ದವು. ರಿಮ್ಮಿನ ಒಳಗೆಲ್ಲಾ ಕಪ್ಪು ಗ್ರೀಸು. ಚಕ್ರ ಹಿಡಿದಿಡುವ ಮೇಲಿನ ಆರ್ಮ್ ಸ್ಪ್ರಿಂಗಿಗೆ ಬಡಿದು ಪೇಂಟ್ ಕಿತ್ತುಹೋಗಿ ಬರೀ ಕಬ್ಬಿಣ ಹೊಳೆಯುತ್ತಿತ್ತು. ಮೆಕ್ಯಾನಿಕ್ ಸ್ಪೇಸರಿಗೆ ವರ್ನಿಯರ್ ಇಟ್ಟು "ಐವತ್ತು ಮಿ.ಮೀ. ಇದೆಯಲ್ಲಾ ಸರ್, ಇದನ್ನ ಯಾರು ಹಾಕಿದ್ದು?" ಅಂದರು. ಉತ್ತರ ಕೊಡೋಕೂ ನಾಚಿಕೆಯಾಯಿತು.

ವಿಷಯ ಇರೋದೇ ಇಲ್ಲಿ. ಮುಂದಿನ ಸ್ಟ್ರಟ್ಟಿನ ಕೆಳತುದಿ ಚಕ್ರಕ್ಕೆ ನೇರವಾಗಿ ಕೂರಲ್ಲ, ಕೆಳಗಿನ ಆರ್ಮಿನ ನಡುವೆ ಎಲ್ಲೋ ಕೂರುತ್ತೆ. ಹಾಗಾಗಿ ಸ್ಟ್ರಟ್ ತಲೆಯ ಮೇಲೆ ಇಟ್ಟ ದಪ್ಪ ಚಕ್ರದ ಹತ್ತಿರ ಸುಮಾರು ಎರಡರಷ್ಟಾಗುತ್ತೆ. 2 ಇಂಚು ಎತ್ತರ ಬೇಕಾದರೆ ಸ್ಪೇಸರ್ 25ರಿಂದ 30 ಮಿ.ಮೀ. ಇರಬೇಕು. ಇವರು ಸ್ಪೇಸರನ್ನೇ 2 ಇಂಚು ಇಟ್ಟಿದ್ದಾರೆ! ಹಬ್ಬಿನ ಮಧ್ಯದಿಂದ ಫೆಂಡರ್ ಅಂಚಿಗೆ ಟೇಪ್ ಹಿಡಿದರೆ ಮುಂದೆ 88 ಮಿ.ಮೀ. ಏರಿದೆ, ಹಿಂದೆ 50. ಹೀಗಾದಾಗ ಚಕ್ರ ಪೂರ್ತಿ ಕೆಳಗೆ ಬಿದ್ದರೆ ಸಿವಿ ಜಾಯಿಂಟ್, ಆರ್ಮಿನ ತುದಿಯ ಬಾಲ್ ಜಾಯಿಂಟ್ ಎರಡೂ ತಮ್ಮ ಕೋನ ಮೀರುತ್ತವೆ. ಗುಂಡಿಗೆ ಬಿದ್ದು ಚಕ್ರ ಮೇಲೆ ಒತ್ತಿದರೆ ಬಂಪ್ ಸ್ಟಾಪ್ (ಚಕ್ರ ಮಿತಿ ಮೀರಿ ಏರದಂತೆ ತಡೆಯುವ ರಬ್ಬರ್) ತಾಗುವ ಮೊದಲೇ ಶಾಕ್ ಒಳಗೇ ಬಡಿದುಕೊಳ್ಳುತ್ತೆ. ಸ್ಟ್ರಟ್ ಮೇಲೆ ಬಿಲ್ಲೆ ಇಟ್ಟರೂ ಶಾಕಿನ ಉದ್ದ ಹಳೆಯದೇ.

ಇದನ್ನೆಲ್ಲಾ ಫೋಟೋ ಸಮೇತ ವಾಟ್ಸಾಪ್ ಮಾಡಿದೆ. ಮೊದಲ ಉತ್ತರ: "ಎಲ್ಲಾ ಗಾಡಿಗೂ ಇದೇ ಹಾಕೋದು ಸರ್, ಯಾರೂ ಕಂಪ್ಲೇಂಟ್ ಮಾಡಿಲ್ಲ." ಎರಡನೆಯದು: "ನೀವು ರಫ್ ಆಗಿ ಓಡ್ಸಿದ್ದೀರ." ಆಫ್‌ರೋಡ್ ಕಿಟ್ ಅಂತ ಮಾರಿ, ಕಚ್ಚಾ ರಸ್ತೆಯಲ್ಲಿ ಓಡಿಸಿದರೆ ರಫ್ ಅಂತೆ! ಅಲೈನ್‌ಮೆಂಟ್ ಪೇಪರ್ ಕೇಳಿದರೆ, "ಟೋ ಮಾಡಿದ್ದೀವಿ, ಬೇರೆ ಏನೂ ಬೇಕಾಗಲ್ಲ." (ಟೋ ಅಂದರೆ ಚಕ್ರಗಳ ಮೂತಿ ಒಳಗೋ ಹೊರಗೋ ತಿರುಗಿರುವುದು.) ಬೇಕಾಗುತ್ತೆ. ಕ್ಯಾಸ್ಟರ್, ಅಂದರೆ ಸ್ಟೇರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾದದ್ದಕ್ಕೇ ಸ್ಟೇರಿಂಗ್ ವಾಪಸ್ ಬರುತ್ತಿರಲಿಲ್ಲ. ಆ ಎತ್ತರದಲ್ಲಿ ಅಡ್ಜಸ್ಟ್‌ಮೆಂಟ್ ಕೊನೆಯವರೆಗೆ ತಿರುಗಿಸಿದರೂ ಕ್ಯಾಸ್ಟರ್, ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಎರಡೂ ಕೆಂಪಿನಲ್ಲೇ, ಅಂದರೆ ಮಿತಿಯ ಹೊರಗೇ ಇದ್ದವು.

ಗಾಡಿಯ ಹಿಂಭಾಗದ ಕೆಲಸ ಇನ್ನೂ ಭಯದ್ದು. 50 ಮಿ.ಮೀ. ಬ್ಲಾಕ್ ಇಟ್ಟು, ಬ್ಲೇಡನ್ನು ಆಕ್ಸಲ್ಲಿಗೆ ಕಟ್ಟುವ ಹಳೇ ಯು ಬೋಲ್ಟನ್ನೇ ಬಿಗಿದಿದ್ದಾರೆ. ನಟ್ಟಿನ ಅರ್ಧದವರೆಗೂ ಥ್ರೆಡ್ ಹೋಗಿಲ್ಲ, ಅರ್ಧದವರೆಗೂ! ಹಿಂದಿನ ಆಕ್ಸಲ್ ನಿಂತಿರೋದೇ ಆ ನಾಲ್ಕು ಯು ಬೋಲ್ಟಿನ ಮೇಲೆ. ಒಮ್ಮೆ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತೆ, ಬಿಚ್ಚಿದ ಮೇಲೆ ಹೊಸದೇ ಬೇಕು. ಬ್ಲಾಕಿಗೆ ತಕ್ಕ ಉದ್ದ ಇರಬೇಕು, ನಟ್ಟಿನಾಚೆ ಮೂರ್ನಾಲ್ಕು ಥ್ರೆಡ್ ಕಾಣಬೇಕು, ಟಾರ್ಕ್ ರೆಂಚಲ್ಲೇ ಬಿಗಿಯಬೇಕು, ಕೆಲವು ನೂರು ಕಿ.ಮೀ. ಆದಮೇಲೆ ಮತ್ತೆ ನೋಡಬೇಕು. ಬ್ಲಾಕಿನ ಮೇಲೆ ಬ್ಲಾಕ್ ಅಂತೂ ಬೇಡವೇ ಬೇಡ. ಕಾಫಿ ಮೂಟೆ, ಗೊಬ್ಬರ ಹೇರುವ ಗಾಡಿಯಾದರೆ ಬ್ಲಾಕ್ ಬಿಟ್ಟು ಒಂದು ಬ್ಲೇಡ್ ಸೇರಿಸಿ, ಇಲ್ಲ ಬ್ಲೇಡ್ ಸೆಟ್ಟನ್ನೇ ಬದಲಾಯಿಸಿ. ಉದ್ದ ಶಾಕಲ್ (ಬ್ಲೇಡಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿಸುವವರಿಗೆ: 50 ಮಿ.ಮೀ. ಉದ್ದ ಮಾಡಿದರೆ ಸಿಗೋದು 25 ಮಾತ್ರ.

ಹಿಂದಿನ ಬ್ರೇಕಿಗೆ ಲೋಡ್ ನೋಡುವ ವಾಲ್ವ್ ಇರುವ ಗಾಡಿಗಳಲ್ಲಿ ಅದರ ಕಡ್ಡಿಯನ್ನೂ ಸರಿಹೊಂದಿಸಲೇಬೇಕು. ಇಲ್ಲದಿದ್ದರೆ ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಕೊಡುತ್ತೆ. ಬ್ರೇಕ್ ಹೋಸ್ ಬಿಗಿದಿದೆಯೇ, ಎಬಿಎಸ್ ವೈರ್ ಎಳೆಯುತ್ತಿದೆಯೇ ಅಂತ ಚಕ್ರ ಇಳಿಬಿಟ್ಟೇ ನೋಡಬೇಕು. ಹೆಡ್‌ಲೈಟನ್ನೂ ಇಳಿಸಿ, ಎದುರಿನವರ ಕಣ್ಣಿಗೆ ಹೊಡೆಯುತ್ತೆ.

ಇನ್ನೊಂದು ಮಾತು ಅಂಗಡಿಯವರು ಹೇಳಲ್ಲ. ಹಿಂದಿನ ಡಿಫರೆನ್ಷಿಯಲ್ (ಎರಡು ಚಕ್ರಗಳ ನಡುವಿನ ಗೇರ್ ಗುಂಡು) ಇರೋದು ಆಕ್ಸಲ್ ಮೇಲೆ, ಬಾಡಿ ಎಷ್ಟು ಎತ್ತಿದರೂ ಅದು ನೆಲದಿಂದ ಒಂದು ಮಿ.ಮೀ. ಕೂಡ ಏಳಲ್ಲ. ಅದಕ್ಕೆ ದೊಡ್ಡ ಟೈರೇ ಬೇಕು. ಕಲ್ಲಿಗೆ ತಾಗೋದು ಅದೇ ಆಗಿದ್ದರೆ ಲಿಫ್ಟಿಗೆ ದುಡ್ಡು ಸುರಿದು ಪ್ರಯೋಜನವಿಲ್ಲ.

ದುಡ್ಡು ಕಡಿಮೆ ಇದ್ದರೆ ಮುಂದೆ ಸರಿಯಾದ ಸ್ಪ್ರಿಂಗು ಮತ್ತು ಶಾಕ್ಸು, ಒಟ್ಟು 40 ಮಿ.ಮೀ. ಒಳಗೆ. ಹಿಂಭಾಗದ್ದನ್ನು ಮುಂದಿನ ವರ್ಷ ಮಾಡಿಸಿ. 50 ದಾಟಿದರೆ ಮೇಲಿನ ಆರ್ಮ್ ಕೂಡ ಬದಲಾಯಿಸಬೇಕಾಗುತ್ತೆ, ಆ ಖರ್ಚನ್ನೂ ಮೊದಲೇ ಕೇಳಿ. ವಾರಂಟಿ, ಇನ್ಶೂರೆನ್ಸ್, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ (ಗಾಡಿ ಮಾರ್ಪಾಡಿನ ನಿಯಮ) ಬಗ್ಗೆ "ಏನೂ ಆಗಲ್ಲ ಸರ್" ಅಂದರೆ ಅದನ್ನು ಬರೆದು ಕೊಡಿ ಅನ್ನಿ. ನನಗೆ ಬರೆದು ಕೊಡಲಿಲ್ಲ.

ಸ್ಪೇಸರ್, ಬ್ಲಾಕ್ ಎರಡೂ ಬಿಚ್ಚಿಸಿ ಹೊಸ ಯು ಬೋಲ್ಟ್, ಹೊಸ ಬೂಟ್ ಹಾಕಿಸಿದೆ. ದುಡ್ಡು ವಾಪಸ್ ಕೇಳಿದ್ದಕ್ಕೆ ಬಂದ ಉತ್ತರ: "ಫಿಟ್ ಮಾಡಿದ ಐಟಂ ವಾಪಸ್ ತಗೊಳಲ್ಲ ಸರ್."